ಗಿಟಾರಿಗೆ ಹಲಸು, ಸಿಲ್ವರ್ ಓಕ್, ಮತ್ತಿ: ಆರಿಸುವ ಮತ್ತು ಹದ ಮಾಡುವ ಕ್ರಮ

ತಂಜಾವೂರಿನ ವೀಣೆ ಹಲಸಿನದು, ಮೈಸೂರಿನ ವೀಣೆ ಬೀಟೆಯದು. ಮೃದಂಗದ ಒಡಲಿಗೂ ಹಲಸೇ ಬೇಕು. ಹೀಗಿದ್ದರೂ ನಮ್ಮಲ್ಲಿ ಗಿಟಾರ್ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಬೀಟೆಯನ್ನೇ. ಬೀಟೆ ಒಳ್ಳೆಯ ಮರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಿಧಾನವಾಗಿ ಬೆಳೆಯುತ್ತದೆ, ಕಾಡಿನಲ್ಲಿ ದೊಡ್ಡ ಮರಗಳು ವಿರಳವಾಗಿವೆ, ಮತ್ತು ಬೀಟೆಯ ಬಹುತೇಕ ಇಡೀ ಕುಲವೇ 2017ರ ಜನವರಿಯಿಂದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಬಿಡಿ ಮರಕ್ಕೆ ನಿಯಮ ಹಾಗೆಯೇ ಉಳಿಯಿತು. ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದ ಗಿಟಾರ್ ಕುಶಲಕರ್ಮಿಗಳು ಬಹಳ ಹಿಂದಿನಿಂದಲೂ ಹಲಸಿನಲ್ಲಿ ಗಿಟಾರ್ ಕಟ್ಟುತ್ತಿದ್ದಾರೆ. ಹಿತ್ತಲಲ್ಲೇ ಹಲಸು ಇರುವ ನಾವು ಅದನ್ನು ಮರೆಯುವುದು ನನಗೆ ಸರಿಯೆನಿಸುವುದಿಲ್ಲ.

ಮರವನ್ನು ಆರಿಸುವ ಮೊದಲು ಅದು ಯಾವ ಭಾಗಕ್ಕೆ ಎಂಬುದನ್ನು ತೀರ್ಮಾನಿಸಬೇಕು. ತಂತಿಯ ಕಂಪನವನ್ನು ಗಾಳಿಗೆ ದಾಟಿಸುವ ಮೇಲಿನ ಹಲಗೆ ಹಗುರವಾಗಿಯೂ ಬಿಗಿಯಾಗಿಯೂ ಇರಬೇಕಾದುದರಿಂದ ಅಲ್ಲಿ ಸ್ಪ್ರೂಸ್ ಅಥವಾ ಸೀಡರ್ ಮರವನ್ನೇ ಬಳಸಿ; ನಮ್ಮ ಗಟ್ಟಿಮರಗಳು ಆ ಕೆಲಸಕ್ಕೆ ಭಾರವಾದವು. ಬೆನ್ನು ಮತ್ತು ಪಕ್ಕೆಗಳಿಗೆ ಹಲಸು, ಹೊನ್ನೆ, ಸಿಲ್ವರ್ ಓಕ್ ಹೊಂದುತ್ತವೆ. ಕುತ್ತಿಗೆಗೆ ಮಹಾಗನಿಯ ಕುಟುಂಬಕ್ಕೇ ಸೇರಿದ ಗಂಧಗರಿಗೆ ಹಗುರವಾಗಿ ಒದಗುತ್ತದೆ. ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸುವ, ಬೆರಳು ಸವೆಸುವ ಫ್ರೆಟ್‌ಬೋರ್ಡಿಗೆ ಮತ್ತಿಯಂಥ ಗಟ್ಟಿ ಮರ ಬೇಕು.

ಮರ ಎಲ್ಲಿಂದ ತರುವುದು? ಕಾಫಿ ತೋಟದ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಉಳಿದ ಮರಗಳ ವಿಷಯದಲ್ಲಿ ಸ್ವಂತ ಜಮೀನಿನದಾದರೂ ಅರಣ್ಯ ಇಲಾಖೆಯನ್ನು ವಿಚಾರಿಸಿಯೇ ಮುಂದುವರಿಯಬೇಕು. ನನ್ನ ಮೆಚ್ಚಿನ ಮೂಲ ಬೇರೆ: ಮಲೆನಾಡಿನಲ್ಲಿ ಕೆಡವಿದ ಹಳೆಯ ಮನೆಗಳ ತೊಲೆ, ಜಂತಿ, ಬಾಗಿಲುವಾಡಗಳು. ದಶಕಗಳ ಕಾಲ ಅಟ್ಟದ ಹೊಗೆಯಲ್ಲಿ ಒಣಗಿದ ಹಲಸು ಅಲ್ಲಿ ಸಿಗುತ್ತದೆ. ಸಾಮಿಲ್ಲಿಗೆ ಒಯ್ಯುವ ಮುನ್ನ ತೊಲೆಯ ಉದ್ದಕ್ಕೂ ಅಯಸ್ಕಾಂತ ಆಡಿಸಿ ಮೊಳೆಗಳನ್ನು ಹುಡುಕಿ ಕೀಳಬೇಕು, ಹುಳು ಕೊರೆದ ತೂತುಗಳಿವೆಯೇ ಎಂದು ನೋಡಬೇಕು. ಬೆನ್ನಿನ ಪ್ರತಿ ಅರ್ಧಕ್ಕೂ ಸುಮಾರು 200 ಮಿ.ಮೀ. ಅಗಲದ ಹಲಗೆ ಬೇಕು. ತುದಿಯಿಂದ ನೋಡಿದಾಗ ಉಂಗುರದ ಗೆರೆಗಳು ಹಲಗೆಯ ಅಗಲಕ್ಕೆ ನೆಟ್ಟಗೆ ನಿಂತಿರುವಂತೆ ಕೊಯ್ಸಬೇಕು. ಅಷ್ಟು ಅಗಲದ ಚೇಗು (ಮರದ ನಡುವಿನ ಗಟ್ಟಿ ಭಾಗ) ಸಿಗದಿದ್ದರೆ ನಾಲ್ಕು ತುಂಡಿನ ಬೆನ್ನು ಮಾಡಿ. ಹೊರಗಿನ ಬಿಳಿ ಭಾಗವನ್ನು ಸೇರಿಸಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು.

ಹಸಿ ಮರವಾದರೆ ಇಂಚು ದಪ್ಪಕ್ಕೆ ಒಂದು ವರ್ಷವೆಂಬುದು ಬಡಗಿಗಳ ಹಳೆಯ ಲೆಕ್ಕ. ಹಲಗೆಗಳ ತುದಿಗೆ ಮೇಣ ಅಥವಾ ಬಣ್ಣ ಬಳಿದು, ನಡುನಡುವೆ ಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ. ಬಳಿಕ 4 ಮಿ.ಮೀ. ದಪ್ಪಕ್ಕೆ ಸೀಳಿಸಿ, ಗಾಳಿಯ ತೇವಾಂಶ ಶೇ. 45ರಿಂದ 50ರಷ್ಟಿರುವ ಕೋಣೆಯಲ್ಲಿಟ್ಟು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸತತ ಮೂರು ವಾರ ತೂಕ ಬದಲಾಗದಿದ್ದರೆ ಮರ ಕೋಣೆಗೆ ಹೊಂದಿಕೊಂಡಿದೆ ಎಂದರ್ಥ. ತೊಲೆಯಿಂದ ಸೀಳಿದ ಹಳೆಯ ಮರಕ್ಕೂ ಈ ಕಾಯುವಿಕೆ ತಪ್ಪಬಾರದು.

ಈಗ ಪರೀಕ್ಷೆ. ಅದೇ ಹಲಗೆಯಿಂದ ಎಳೆಯ ಉದ್ದಕ್ಕೆ 50 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಒಂದು ಪಟ್ಟಿಯನ್ನು ಕತ್ತರಿಸಿ, 400 ಮಿ.ಮೀ. ಅಂತರದ ಎರಡು ಆಧಾರಗಳ ಮೇಲೆ ಮಲಗಿಸಿ, ನಡುವೆ ಅರ್ಧ ಕಿಲೋ ತೂಕ ಇಡಿ. ಪಟ್ಟಿ ನಡುವಿನಲ್ಲಿ ಸುಮಾರು 2.5 ಮಿ.ಮೀ. ತಗ್ಗಿದರೆ ಅದರ ಬಿಗಿತ 10 ಗಿಗಾಪಾಸ್ಕಲ್ ಆಸುಪಾಸಿನಲ್ಲಿದೆ. ಇನ್ನೂ ಕಡಿಮೆ ತಗ್ಗಿದರೆ ಇನ್ನೂ ಬಿಗಿ. ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯುವುದು ಅಗತ್ಯ, ಏಕೆಂದರೆ ದಪ್ಪದಲ್ಲಿ 0.1 ಮಿ.ಮೀ. ವ್ಯತ್ಯಾಸವಾದರೂ ಬಾಗು ಶೇ. 7–8ರಷ್ಟು ಬದಲಾಗುತ್ತದೆ. ಬೀಟೆಯ ಒಂದು ಪಟ್ಟಿಯನ್ನೂ ಅದೇ ಅಳತೆಗೆ ಮಾಡಿಟ್ಟುಕೊಂಡರೆ ಹೋಲಿಕೆ ಸುಲಭ. ಕಿವಿಯ ಪರೀಕ್ಷೆಯೂ ಇರಲಿ: ಅರ್ಧ ಮೀಟರ್ ಉದ್ದದ ಹಲಗೆಯನ್ನು ತುದಿಯಿಂದ 11 ಸೆಂ.ಮೀ. ಒಳಗೆ ಎರಡೇ ಬೆರಳಲ್ಲಿ ಹಿಡಿದು ತೂಗಬಿಟ್ಟು, ನಡುವೆ ಗೆಣ್ಣಿನಿಂದ ತಟ್ಟಿ. ಕಂಪನದ ಹೊತ್ತಿನಲ್ಲಿ ಆ ಜಾಗ ಅಲುಗದೆ ಇರುವುದರಿಂದ ಬೆರಳು ನಾದವನ್ನು ನುಂಗುವುದಿಲ್ಲ. ಒಳ್ಳೆಯ ಹಲಸು ಆಗ ಗಂಟೆಯಂತೆ ಅನುರಣಿಸುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಥಟ್ಟನೆ ಸಾಯುತ್ತದೆ.

ಹಲಸಿನ ಎಳೆ ಹಲವೆಡೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಆದ್ದರಿಂದ ಪಕ್ಕೆಗಳನ್ನು ಬಗ್ಗಿಸುವಾಗ ಸೊಂಟದ ತಿರುವಿನಲ್ಲಿ ಮರ ಸಿಡಿಯುವ ಅಪಾಯ ಹೆಚ್ಚು. ಪಕ್ಕೆಯನ್ನು 2.2 ಮಿ.ಮೀ.ಗೆ ಇಳಿಸಿ, ಗಂಟೆಗಟ್ಟಲೆ ನೆನೆಸದೆ ನೀರು ಚಿಮುಕಿಸಿ, ನೀರಿನ ಹನಿ ಬಿದ್ದೊಡನೆ ಕುಣಿದು ಆರುವಷ್ಟು ಕಾದ ಕೊಳವೆಗೆ ಒತ್ತಿ. ಹೊರಮೈಗೆ ತೆಳುವಾದ ಉಕ್ಕಿನ ಪಟ್ಟಿಯ ಆಸರೆ ಕೊಡಿ. ಮರ ಸೋತು ಬಾಗಲು ಒಪ್ಪುವ ಕ್ಷಣ ಅಂಗೈಗೆ ತಿಳಿಯುತ್ತದೆ, ಅದಕ್ಕೆ ಮೊದಲು ಬಲ ಹಾಕಬಾರದು. ಕೀಸುಳಿ ಹಾಕಿದರೆ ಎಳೆ ಕಿತ್ತು ಬರುವ ಕಡೆ ಸ್ಕ್ರೇಪರ್ (ಹೆರೆಯುವ ತೆಳು ಉಕ್ಕಿನ ತಗಡು) ಬಳಸಿ. ಸಿಲ್ವರ್ ಓಕ್‌ಗೂ ಇದೇ ಮಾತು. ಅದರ ಅಗಲವಾದ ಹೊಳಪಿನ ಚಿತ್ತಾರ ನೆಟ್ಟ ಕೊಯ್ತದಲ್ಲಿ ಅತ್ಯಂತ ಸುಂದರವಾಗಿ ಕಾಣುತ್ತದೆಯಾದರೂ ಕೀಸುಳಿಗೆ ಸಿಕ್ಕು ಚಕ್ಕೆಯೇಳುವುದೂ ಅದೇ ಚಿತ್ತಾರ. ಆ ಮರ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಯಾವ ಮರದ ಹುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಮತ್ತಿಯನ್ನು ವಿದೇಶಿ ತಯಾರಕರು ಇಂಡಿಯನ್ ಲಾರೆಲ್ ಎನ್ನುತ್ತಾರೆ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನ ಸ್ಕ್ವಯರ್ ಗಿಟಾರ್‌ಗಳ ಫ್ರೆಟ್‌ಬೋರ್ಡ್‌ಗಳಲ್ಲಿ ಆ ಹೆಸರು ಕಾಣುತ್ತದೆ. ಈ ಮರದಲ್ಲಿ ನಾನು ಮಾಡಿದ ತಪ್ಪು ಇದು: ಶ್ರಾವಣದ ಮಳೆಯಲ್ಲಿ ಹಲಗೆಯನ್ನು ತೂಗಿ ನೋಡದೆ 6 ಮಿ.ಮೀ.ಗೆ ಇಳಿಸಿ ಫ್ರೆಟ್ ಬಡಿದೆ. ಮಾರ್ಚ್ ಹೊತ್ತಿಗೆ ಮರ ಅಗಲದಲ್ಲಿ ಕುಗ್ಗಿ, ಲೋಹದ ತುದಿಗಳು ಇಪ್ಪತ್ತೂ ಕಡೆ ಹೊರಚಾಚಿ, ನುಡಿಸುವವರ ಅಂಗೈ ಗೀರತೊಡಗಿದವು. ತುದಿಗಳನ್ನು ಅರದಿಂದ ಉಜ್ಜಿ ಸರಿಪಡಿಸಬಹುದು, ನಾನು ಹಾಗೆಯೇ ಮಾಡಿದೆ. ಆದರೆ ಅಂದಿನಿಂದ ಮತ್ತಿಯ ಹಲಗೆಯನ್ನು ಬೇಕಾದ ಅಳತೆಗಿಂತ 2 ಮಿ.ಮೀ. ದಪ್ಪವಾಗಿ ಕೊಯ್ಸಿ, ಒಂದು ಬೇಸಿಗೆಯನ್ನು ದಾಟಿಸಿಯೇ ಕೊನೆಯ ಅಳತೆಗೆ ತರುತ್ತೇನೆ. ಬೆನ್ನಿನ ಒಳಮೈಗೆ ಆಸರೆಯ ಪಟ್ಟಿ ಅಂಟಿಸುವ ಕೆಲಸವನ್ನೂ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳುತ್ತೇನೆ.

ಪಾಲಿಶ್ ವಿಚಾರದಲ್ಲಿ ಹೊನ್ನೆ ಬಳಸುವವರಿಗೆ ಒಂದು ಎಚ್ಚರಿಕೆ. ಹೊನ್ನೆಯ ಚೇಗು ಒದ್ದೆಯಾದೊಡನೆ ಹಳದಿ ಬಣ್ಣ ಬಿಡುತ್ತದೆ, ಆ ಬಣ್ಣ ಪಕ್ಕದ ಬಿಳಿಯ ಸ್ಪ್ರೂಸ್‌ಗೆ ಇಳಿದರೆ ತೆಗೆಯುವುದು ಕಷ್ಟ. ಹಾಗಾಗಿ ಮೇಲಿನ ಹಲಗೆಗೆ ಮೊದಲು ಅರಗಿನ ತೆಳು ಲೇಪ ಕೊಟ್ಟು ಮುಚ್ಚಿ, ಆಮೇಲೆ ಹೊನ್ನೆಯ ಪಕ್ಕೆಯನ್ನು ಒರೆಸಿ. ಹಲಸು ಹೊಸದಾಗಿ ಕೊಯ್ದಾಗ ಅರಿಸಿನದ ಬಣ್ಣದಲ್ಲಿದ್ದು, ಬೆಳಕು ತಾಗುತ್ತ ಕಂದಾಗುತ್ತದೆ. ಬೆನ್ನಿನ ಎರಡೂ ಅರ್ಧಗಳು ಒಂದೇ ಬಣ್ಣಕ್ಕೆ ತಿರುಗಲೆಂದು ಪಾಲಿಶ್‌ಗೆ ಮೊದಲು ವಾದ್ಯವನ್ನು ಎರಡು ಮೂರು ವಾರ, ನೇರ ಬಿಸಿಲು ತಾಗದಂತೆ, ಬೆಳಕಿರುವ ಕೋಣೆಯಲ್ಲಿ ತೂಗುಹಾಕಿ.