ಓಡದೆ ಆಡುವ ಫುಟ್ಬಾಲ್: ಅರವತ್ತು ದಾಟಿದ ಮೇಲೆ ನಾನು ಕಲಿತ ಆಟ

ವಾಕಿಂಗ್ ಫುಟ್ಬಾಲ್ ಆಡುತ್ತೇನೆ ಅಂತ ಊರಿಗೆ ಫೋನ್ ಮಾಡಿದಾಗ ಹೇಳಿದರೆ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ಓಡದೆ ಫುಟ್ಬಾಲ್ ಆಡೋದು ಹೇಗೆ? ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಯಸ್ಸಿನವರು, ಅದರಲ್ಲೂ ಹುಡುಗಿಯಾಗಿದ್ದಾಗ ಒಮ್ಮೆಯೂ ಚೆಂಡನ್ನು ಒದೆಯದ ಹೆಂಗಸರು, ಇದನ್ನು ಓದಿ ಶುರು ಮಾಡಲಿ ಅನ್ನೋದು ನನ್ನ ಆಸೆ.

ನಾನಿರೋದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬೆಳೆದದ್ದು ಶಿವಮೊಗ್ಗದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದೆ, ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿ ನಿವೃತ್ತಿಯಾದೆ. ಫುಟ್ಬಾಲ್ ಇತಿಹಾಸದಲ್ಲಿ ಈ ಊರಿನದು ದೊಡ್ಡ ಹೆಸರು. 1857ರಲ್ಲಿ ಶುರುವಾದ ಶೆಫೀಲ್ಡ್ ಎಫ್‌ಸಿ ಪ್ರಪಂಚದ ಅತಿ ಹಳೆಯ ಫುಟ್ಬಾಲ್ ಕ್ಲಬ್. ಇಲ್ಲಿಂದ ರೈಲಿನಲ್ಲಿ ಕಾಲು ಗಂಟೆ ಹೋದರೆ ಚೆಸ್ಟರ್‌ಫೀಲ್ಡ್ ಸಿಗುತ್ತದೆ. ವಾಕಿಂಗ್ ಫುಟ್ಬಾಲ್ ಶುರುವಾದದ್ದು ಅಲ್ಲೇ, 2011ರಲ್ಲಿ. ಐವತ್ತು ದಾಟಿ ಆಟ ಬಿಟ್ಟವರನ್ನು ಮತ್ತೆ ಮೈದಾನಕ್ಕೆ ಕರೆತರಬೇಕು ಅಂತ ಅಲ್ಲಿನ ಕ್ಲಬ್ಬಿನ ಸಮುದಾಯ ಟ್ರಸ್ಟ್ ಇದನ್ನು ಆರಂಭಿಸಿತು. ಈಗ ಇಂಗ್ಲೆಂಡಿನ ಊರೂರಲ್ಲೂ ಇದೆ. ಸಾಮಾನ್ಯವಾಗಿ ಗಂಡಸರಿಗೆ ಐವತ್ತು, ಹೆಂಗಸರಿಗೆ ನಲವತ್ತು ತುಂಬಿರಬೇಕು ಅಂತ ಇರುತ್ತದೆ.

ನನ್ನನ್ನು ಎಳೆದದ್ದು 2022ರ ಯೂರೋ, ಅಂದರೆ ಯೂರೋಪಿನ ದೇಶಗಳ ಹೆಂಗಸರ ಫುಟ್ಬಾಲ್ ಪಂದ್ಯಾವಳಿ. ಇಂಗ್ಲೆಂಡ್ ಹೆಂಗಸರ ತಂಡ ಸೆಮಿಫೈನಲ್‌ನಲ್ಲಿ ಸ್ವೀಡನ್ನನ್ನು 4-0 ಅಂತ ಸೋಲಿಸಿದ್ದು ನಮ್ಮ ಬ್ರಾಮಲ್ ಲೇನ್ ಸ್ಟೇಡಿಯಮ್‌ನಲ್ಲೇ. ಅಲೆಸಿಯಾ ರುಸ್ಸೊ ಹಿಮ್ಮಡಿಯಿಂದ ಹೊಡೆದ ಗೋಲು ಗೋಲ್‌ಕೀಪರ್‌ಳ ಕಾಲಸಂದಿಯಲ್ಲಿ ತೂರಿಹೋಯಿತು. ಅದನ್ನು ನೋಡಿ ನಾನು ಎದ್ದು ಕೂಗಿದ್ದಕ್ಕೆ ಮಗಳು, "ಅಮ್ಮಾ, ಇಷ್ಟು ಇಷ್ಟ ಇದ್ರೆ ನೀನೇ ಯಾಕೆ ಆಡಬಾರದು?" ಅಂದಳು. ಸುಮ್ನೆ ಹೇಳಿ ಬಿಡಲಿಲ್ಲ. ಮಾರನೇ ವಾರವೇ ಹತ್ತಿರದ ಹೆಂಗಸರ ಗುಂಪನ್ನು ಹುಡುಕಿ ನನ್ನ ಹೆಸರು ಬರೆಸಿದಳು.

ಅಲ್ಲಿಗೆ ಹೋದ ಮೇಲೆ ಒಂದು ವಿಷಯ ಗೊತ್ತಾಯಿತು. ಫುಟ್ಬಾಲ್ ಹುಟ್ಟಿದ ನಾಡಿನವರು, ಇವರೆಲ್ಲ ಚಿಕ್ಕಂದಿನಿಂದ ಆಡಿದವರಿರಬೇಕು ಅಂತ ಅಂದುಕೊಂಡಿದ್ದೆ. ಅರ್ಧಕ್ಕಿಂತ ಜಾಸ್ತಿ ಜನ ನನ್ನ ಹಾಗೇ ಹೊಸಬರು. ಕಾರಣ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಹೆಂಗಸರ ಫುಟ್ಬಾಲ್ ಜೋರಾಗಿ ನಡೆಯುತ್ತಿತ್ತು. ಪ್ರೆಸ್ಟನ್ ಊರಿನ ಕಾರ್ಖಾನೆಯ ಹುಡುಗಿಯರ ತಂಡ 'ಡಿಕ್, ಕರ್ ಲೇಡೀಸ್' 1920ರ ಕ್ರಿಸ್‌ಮಸ್ ಮಾರನೇ ದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಆಡಿದಾಗ 53,000 ಜನ ನೋಡೋಕೆ ಬಂದಿದ್ದರು. ಮರುವರ್ಷ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರು ಆಡಬಾರದು ಅಂತ ಕಟ್ಟಪ್ಪಣೆ ಮಾಡಿತು. ಈ ಆಟ ಹೆಂಗಸರಿಗೆ ಹೊಂದೋದಿಲ್ಲ ಅಂತ ಕಾರಣ ಕೊಟ್ಟರು. ಅದು ತೆರವಾಗೋಕೆ 1970ರ ದಶಕ ಬರಬೇಕಾಯಿತು. ಅಂದರೆ ನನ್ನ ಜೊತೆ ಆಡುವ ಎಪ್ಪತ್ತರ ಆಸುಪಾಸಿನವರು ಶಾಲೆಯಲ್ಲಿದ್ದಾಗ ನಿಷೇಧ ಇನ್ನೂ ಇತ್ತು. ನಮ್ಮ ಗೋಲ್‌ಕೀಪರ್ ಒಬ್ಬರು ನಿವೃತ್ತ ಟೀಚರ್. ಅಣ್ಣಂದಿರು ಆಡುವಾಗ ಗೆರೆಯಾಚೆ ನಿಂತು ಚೆಂಡು ಎತ್ತಿಕೊಡುತ್ತಿದ್ದರಂತೆ. ಅರವತ್ತು ವರ್ಷ ಕಾದು ಮೈದಾನಕ್ಕೆ ಇಳಿದವರ ಜೊತೆ ಆಡುತ್ತಿದ್ದೇನೆ ಅನ್ನೋದು ನನಗೆ ತುಂಬಾ ದೊಡ್ಡ ವಿಷಯ.

ಇನ್ನು ಆಟಕ್ಕೆ ಬರೋಣ. ಯಾವ ಹೊತ್ತಿನಲ್ಲೂ ಒಂದು ಪಾದ ನೆಲದ ಮೇಲೆ ಇರಲೇಬೇಕು. ಎರಡೂ ಪಾದ ನೆಲ ಬಿಟ್ಟರೆ ಅದು ಓಟ. ರೆಫ್ರಿ ಸೀಟಿ ಊದುತ್ತಾರೆ, ಎದುರಾಳಿಗೆ ಫ್ರೀ ಕಿಕ್. ಮೈಗೆ ಮೈ ಗುದ್ದುವಂತಿಲ್ಲ, ಜಾರಿ ಬಂದು ಚೆಂಡು ಕಸಿಯುವಂತಿಲ್ಲ, ಹಿಂದಿನಿಂದ ಕಾಲು ಹಾಕುವಂತಿಲ್ಲ. ಚೆಂಡು ತಲೆಯ ಎತ್ತರ ಮೀರಬಾರದು, ಹಾಗಾಗಿ ತಲೆಯಿಂದ ಹೊಡೆಯೋ ಮಾತೇ ಇಲ್ಲ. ಎದುರಾಳಿಯ ಗೋಲಿನ ಹತ್ತಿರ ಮೊದಲೇ ಹೋಗಿ ಚೆಂಡಿಗೆ ಕಾಯಬಾರದು ಅನ್ನುವ ಆಫ್‌ಸೈಡ್ ನಿಯಮ ಇಲ್ಲ. ಚೆಂಡು ಹೊರಗೆ ಹೋದರೆ ಕೈಯಿಂದ ಎಸೆಯುವುದಿಲ್ಲ, ಕಾಲಿಂದ ಒಳಗೆ ತಳ್ಳುತ್ತೇವೆ. ಜಾಗದಿಂದ ಜಾಗಕ್ಕೆ ಸಣ್ಣಪುಟ್ಟ ಬದಲಾವಣೆ ಇರುತ್ತದೆ. ನಮ್ಮಲ್ಲಿ ಕೆಲವು ದಿನ ಒಬ್ಬರು ಮೂರು ಸಲಕ್ಕಿಂತ ಜಾಸ್ತಿ ಚೆಂಡು ಮುಟ್ಟಬಾರದು ಅಂತ ಆಡಿಸುತ್ತಾರೆ. ಹೊಸಬರಿಗೆ ಇದೇ ಒಳ್ಳೆಯದು, ಯಾಕಂದರೆ ಆಗ ಎಲ್ಲರ ಕಾಲಿಗೂ ಚೆಂಡು ಬರುತ್ತದೆ.

ಓಡಬಾರದು ಅನ್ನೋದನ್ನು ವಯಸ್ಸಾದವರಿಗೆ ಕೊಟ್ಟ ರಿಯಾಯಿತಿ ಅಂತ ನೋಡುವವರಿದ್ದಾರೆ. ನಾನು ಒಪ್ಪೋದಿಲ್ಲ. ಶಾಲೆಯಲ್ಲಿ ನಾನು ಖೋ-ಖೋ ಆಡುತ್ತಿದ್ದೆ. ಅಟ್ಟಿಸಿಕೊಂಡು ಹೋಗುವವಳು ಒಂದು ದಿಕ್ಕು ಹಿಡಿದ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಆ ಕಟ್ಟಳೆ ತೆಗೆದುಬಿಟ್ಟರೆ ಖೋ-ಖೋ ಬರೀ ಮುಟ್ಟಾಟ ಆಗುತ್ತದೆ, ಅಲ್ವಾ? ಇದೂ ಹಾಗೇ. ಓಟ ಇಲ್ಲದ್ದರಿಂದ ಜೋರಾಗಿರುವವರು ಬರೀ ವೇಗದಿಂದ ಗೆಲ್ಲೋಕೆ ಆಗಲ್ಲ. ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ನೋಡಿ ಅಲ್ಲಿ ನಿಂತವರಿಗೆ ಗೆಲುವು. ಮಂಡಿ ನೋವಿರುವ ಎಪ್ಪತ್ತೆರಡರ ಹೆಂಗಸು ಐವತ್ತರವರನ್ನು ಸುಲಭವಾಗಿ ಆಡಿಸಿಬಿಡುವುದನ್ನು ನಾನು ಪ್ರತಿ ವಾರ ನೋಡುತ್ತೇನೆ.

ನಾನು ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೆಂಡು ನಿಮ್ಮ ಕಡೆ ಬರುವ ಮುಂಚೆ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿ. ಯಾರು ಎಲ್ಲಿದ್ದಾರೆ ಅಂತ ಗೊತ್ತಿದ್ದರೆ ಚೆಂಡು ಬಂದ ಮೇಲೆ ಯೋಚನೆ ಮಾಡುತ್ತಾ ನಿಲ್ಲಬೇಕಾಗಿಲ್ಲ. ಚೆಂಡಿಗೆ ಎದೆ ಕೊಟ್ಟು ನೇರ ನಿಲ್ಲಬೇಡಿ, ಸ್ವಲ್ಪ ಓರೆಯಾಗಿ ನಿಲ್ಲಿ, ಆಗ ಮೈದಾನದ ಎರಡೂ ಕಡೆ ಕಾಣುತ್ತದೆ. ಟಿವಿಯಲ್ಲಿ ನೋಡುವ ಆಟದಲ್ಲಿ ಖಾಲಿ ಜಾಗಕ್ಕೆ ಚೆಂಡು ತಳ್ಳುತ್ತಾರೆ, ಜೊತೆಯವರು ಓಡಿ ಹೋಗಿ ಹಿಡಿಯುತ್ತಾರೆ. ನಮ್ಮಲ್ಲಿ ಅದು ನಡೆಯೋದಿಲ್ಲ. ಪಾಸ್ ನೇರವಾಗಿ ಕಾಲಿಗೇ ಬರಬೇಕು, ಅದೂ ಅವರು ತಡೆದು ನಿಲ್ಲಿಸೋಕೆ ಆಗುವಷ್ಟೇ ಜೋರಿನಲ್ಲಿ. ಪಾದದ ಒಳಬದಿಯಿಂದ ತಳ್ಳಿ, ಬೆರಳ ತುದಿಯಿಂದ ಬೇಡ. ಪಾಸ್ ಕೊಟ್ಟ ಮೇಲೆ ನಿಂತಲ್ಲೇ ನಿಲ್ಲಬಾರದು. ಎರಡು ಮೂರು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಆಗ ಚೆಂಡು ಹಿಡಿದವರಿಗೆ ನೀವು ಮತ್ತೆ ಕಾಣುತ್ತೀರಿ. ಮೂವರು ಯಾವಾಗಲೂ ತ್ರಿಕೋನದಲ್ಲಿ ಇದ್ದರೆ ಚೆಂಡು ಕಸಿಯೋದು ಬಹಳ ಕಷ್ಟ. ಇದಿಷ್ಟು ಕಾಲಿಗೆ ಇಳಿಯೋಕೆ ನನಗೆ ಹೆಚ್ಚುಕಮ್ಮಿ ಒಂದು ಚಳಿಗಾಲ ಹಿಡಿಯಿತು.

ಸೀಟಿ ಹೆಚ್ಚಾಗಿ ಬೀಳೋದು ಎರಡು ಹೊತ್ತಿನಲ್ಲಿ. ಚೆಂಡು ಒಂದೇ ಹೆಜ್ಜೆ ದೂರದಲ್ಲಿ ಇದ್ದಾಗ, ಮತ್ತೆ ಚೆಂಡು ಕಳೆದುಕೊಂಡು ನಮ್ಮ ಗೋಲಿನ ಕಡೆ ವಾಪಸ್ ಹೋಗುವಾಗ. ಆಗ ಎಂಥವರ ಕಾಲೂ ತಾನಾಗಿ ಓಟಕ್ಕೆ ಏಳುತ್ತದೆ. ಹೆಜ್ಜೆ ದೊಡ್ಡದು ಮಾಡಿದಷ್ಟೂ ಅದು ಜಾಸ್ತಿ. ಅದಕ್ಕೆ ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ, ಹಿಮ್ಮಡಿ ಮೊದಲು ನೆಲಕ್ಕೆ ತಾಗಲಿ, ಕೈ ಚೆನ್ನಾಗಿ ಬೀಸಿ. ಬಸ್ ಸ್ಟಾಪಿಗೆ ಹೋಗುವಾಗೆಲ್ಲ ಹೀಗೆ ನಡೆದು ನಾನು ಅಭ್ಯಾಸ ಮಾಡಿದೆ. ಶೆಫೀಲ್ಡ್ ತುಂಬಾ ಏರುಪೇರಿನ ಊರು, ಅಭ್ಯಾಸಕ್ಕೆ ಬೇಕಾದಷ್ಟು ದಿಣ್ಣೆ ಇದೆ.

ಮೈ ಸಿದ್ಧ ಮಾಡಿಕೊಳ್ಳೋದರ ಬಗ್ಗೆ ನಾನು ಒತ್ತಿ ಹೇಳುತ್ತೇನೆ. ಶುರು ಮಾಡುವ ಮುಂಚೆ ಡಾಕ್ಟರ್ ಹತ್ತಿರ ಹೋಗಿ ಬಿಪಿ, ಶುಗರ್, ಹೃದಯ ತೋರಿಸಿಕೊಂಡೆ. ನನಗೆ ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಆ ಮಾತ್ರೆ ಒಂದೇ ಆದರೆ ಆಟದ ಮಧ್ಯೆ ಶುಗರ್ ತೀರಾ ಇಳಿಯೋದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಕ್ಲಝೈಡ್ ತೆಗೆದುಕೊಳ್ಳುವವರು ಮಾತ್ರ ಹುಷಾರಾಗಿರಬೇಕು. ಆಟಕ್ಕೆ ಮುಂಚೆ ಶುಗರ್ ನೋಡಿಕೊಳ್ಳಿ, ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ ಇಟ್ಟುಕೊಳ್ಳಿ, ಪಕ್ಕದಲ್ಲಿ ಆಡುವವರಿಗೂ ಹೇಳಿರಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಬೇಕು. ಮೈದಾನದ ಹತ್ತಿರ ಡಿಫಿಬ್ರಿಲೇಟರ್ (ಹೃದಯ ತಟ್ಟನೆ ನಿಂತರೆ ಶಾಕ್ ಕೊಡುವ ಯಂತ್ರ) ಎಲ್ಲಿದೆ ಅಂತ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ನಮ್ಮಲ್ಲಿ ಎಲ್ಲರಿಗೂ ಅದು ಗೊತ್ತು.

ಈ ಆಟದಲ್ಲಿ ಜಾಸ್ತಿ ತೊಂದರೆ ಕೊಡೋದು ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು. ನಿಲ್ಲೋದು, ತಟ್ಟನೆ ಹೊರಡೋದು, ತಿರುಗೋದು, ಇದೇ ಆಟವೆಲ್ಲ. ಅಡುಗೆಮನೆ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸುವುದನ್ನು ನಾನು ದಿನಾ ಮಾಡುತ್ತೇನೆ. ಚಹಾದ ನೀರು ಕುದಿಯುವ ತನಕ ಒಂದು ಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ನಿಲ್ಲುತ್ತೇನೆ. ಕುರ್ಚಿಯಿಂದ ಕೈ ಊರದೆ ಏಳೋದು ಕೂರೋದು ತೊಡೆಗೆ ಒಳ್ಳೆಯದು. ಇಲ್ಲಿನ ಸರ್ಕಾರದ ವೈದ್ಯರು ಅರವತ್ತೈದು ದಾಟಿದವರಿಗೂ ವಾರಕ್ಕೆ 150 ನಿಮಿಷ ಉಸಿರು ಏರುವಷ್ಟು ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಬೇಕು ಅನ್ನುತ್ತಾರೆ. ಆಟ ಒಂದರಿಂದ ಅದು ತುಂಬೋದಿಲ್ಲ, ಮನೆಯ ವ್ಯಾಯಾಮ ಬೇಕೇ ಬೇಕು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುತ್ತದೆ, ಬಿದ್ದರೆ ಮಣಿಕಟ್ಟು, ಸೊಂಟ ಮುರಿಯುವ ಭಯ ಇರುತ್ತದೆ. ಬೀಳದ ಹಾಗೆ ಕಾಲು ಗಟ್ಟಿ ಮಾಡಿಕೊಳ್ಳೋದೇ ಅದಕ್ಕೆ ದಾರಿ ಅಂತ ನಾನು ನಂಬಿದ್ದೇನೆ. ನಮ್ಮ ಬಣ್ಣದ ಚರ್ಮಕ್ಕೆ ಇಲ್ಲಿನ ಬಿಸಿಲು ಸಾಲೋದಿಲ್ಲ, ವಿಟಮಿನ್ ಡಿ ಬಗ್ಗೆಯೂ ಡಾಕ್ಟರನ್ನು ಕೇಳಿ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯ. ಕೆಮ್ಮಿದರೆ, ಜಿಗಿದರೆ ಮೂತ್ರ ಸೋರುತ್ತದೆ ಅಂತ ಎಷ್ಟೋ ಹೆಂಗಸರು ಎಲ್ಲ ಆಟವನ್ನೂ ಬಿಟ್ಟಿರುತ್ತಾರೆ. ಹೆರಿಗೆಯಾದವರಲ್ಲಿ ಇದು ಬಹಳ ಸಾಮಾನ್ಯ. ಈ ಆಟದಲ್ಲಿ ಜಿಗಿತ ಇಲ್ಲದ್ದರಿಂದ ತುಂಬಾ ಹಗುರ. ಜೊತೆಗೆ ಮೂತ್ರ ತಡೆಹಿಡಿಯುವ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಫಿಸಿಯೊ ಹೇಳಿಕೊಡುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರು ಧೈರ್ಯ ಮಾಡಿ ಮಾತೆತ್ತಿದ ಮೇಲೆ ಎಲ್ಲರೂ ಮಾತಾಡಿದರು. ಮುಚ್ಚಿಟ್ಟುಕೊಂಡು ಮನೆಯಲ್ಲಿ ಕೂರುವಂಥದ್ದಲ್ಲ ಇದು.

ಶೂ ವಿಷಯದಲ್ಲಿ ಉಳಿತಾಯ ಮಾಡಬೇಡಿ. ನಾವು ಆಡೋದು ಕೃತಕ ಹುಲ್ಲಿನ ಮೇಲೆ, ಅದಕ್ಕೆ ಅಡಿಯಲ್ಲಿ ಚಿಕ್ಕ ಚಿಕ್ಕ ರಬ್ಬರ್ ಗುಬ್ಬಿ ಇರುವ ಆಸ್ಟ್ರೊ ಶೂ ಸಿಗುತ್ತದೆ. ಉದ್ದ ಮೊಳೆಯ ಬೂಟು ಹುಲ್ಲಿಗೆ ಸಿಕ್ಕಿಕೊಂಡರೆ ಮಂಡಿ ತಿರುಚುತ್ತದೆ. ಮೊಣಕಾಲ ಕೆಳಗೆ ಶಿನ್ ಪ್ಯಾಡ್ ಹಾಕಿ. ಹುಲ್ಲಿನ ಕರಿ ರಬ್ಬರ್ ಪುಡಿ ಕಾಲುಚೀಲದ ಒಳಗೆಲ್ಲ ತುಂಬಿಕೊಳ್ಳುತ್ತೆ, ಮನೆಗೆ ಬರುವ ಮುಂಚೆ ಬಾಗಿಲಲ್ಲೇ ಕೊಡವಿಕೊಳ್ಳಬೇಕು. ಬಳೆ, ಸರ, ಓಲೆ ಎಲ್ಲ ಬಿಚ್ಚಿಡಬೇಕು ಅನ್ನೋದು ನಿಯಮ. ತಾಳಿ ಏನು ಮಾಡ್ತೀರಿ ಅಂತ ನಮ್ಮ ಕಡೆಯ ಹೆಂಗಸರು ನನ್ನನ್ನು ಕೇಳಿದ್ದಾರೆ. ನಾನು ಬಿಚ್ಚಿ, ಒಂದು ಪುಟ್ಟ ಚೀಲದಲ್ಲಿ ಹಾಕಿ ಯಜಮಾನರ ಕೈಗೆ ಕೊಟ್ಟು ಹೋಗುತ್ತೇನೆ. ಇನ್ನೊಬ್ಬರ ಬೆರಳು ಸರಕ್ಕೆ ಸಿಕ್ಕಿದರೆ ಕುತ್ತಿಗೆಗೂ ಅಪಾಯ, ಅವರ ಬೆರಳಿಗೂ ಅಪಾಯ. ಯಜಮಾನರು ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ.

ಆಟ ಮುಗಿದ ಮೇಲೆ ಎಲ್ಲರೂ ಕೂತು ಚಹಾ ಕುಡಿಯುತ್ತೇವೆ. ಅದನ್ನು ತಪ್ಪಿಸಿಕೊಂಡು ಓಡಬೇಡಿ. ಗಂಡ ತೀರಿಕೊಂಡವರು, ಮಕ್ಕಳು ದೂರದ ಊರಲ್ಲಿರುವವರು ಬಹಳ ಜನ ಬರುತ್ತಾರೆ. ಯಾರಾದರೂ ಹೇಳದೇ ಕೇಳದೇ ಬರದಿದ್ದರೆ ಆವತ್ತೇ ಒಬ್ಬರು ಫೋನ್ ಮಾಡುತ್ತಾರೆ. ನಲವತ್ತು ವರ್ಷ ಈ ಊರಲ್ಲಿದ್ದರೂ ಇಲ್ಲಿನವರ ಮನೆಯೊಳಗೆ ನಾನು ಹೋಗೋಕೆ ಶುರು ಮಾಡಿದ್ದು ಈ ಆಟದಿಂದಲೇ. ನಾನು ಮಾಡಿದ ಚಕ್ಕುಲಿಗೆ ಈಗ ಅಲ್ಲಿ ಬೇಡಿಕೆ ಇದೆ.

ಊರಲ್ಲಿ ಇದನ್ನು ಶುರು ಮಾಡಬೇಕು ಅನ್ನುವವರಿಗೆ ಒಂದೆರಡು ಮಾತು. ಬೆಂಗಳೂರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್ ಮೈದಾನಗಳು ಬೇಕಾದಷ್ಟಿವೆ. ಆಫೀಸು, ಶಾಲೆ ಇರುವ ಹೊತ್ತಿನಲ್ಲಿ ಕೇಳಿ ನೋಡಿ, ನಿವೃತ್ತರಿಗೆ ಆ ಹೊತ್ತು ಅನುಕೂಲವೂ ಹೌದು. ಬಿಸಿಲಿಗೆ ಕೃತಕ ಹುಲ್ಲು ಸುಡುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗನೇ ಮುಗಿಸಿ. ತಂಡಕ್ಕೆ ಐವರೋ ಆರು ಜನವೋ ಇದ್ದರೆ ಸಾಕು, ಗಂಡಸರು ಹೆಂಗಸರು ಬೆರೆತೂ ಆಡಬಹುದು. ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಚಿಕ್ಕ ಚಿಕ್ಕ ಸುತ್ತು ಆಡಿ, ಮಧ್ಯೆ ನೀರು ಕುಡಿಯಿರಿ. ಮತ್ತೆ, ರೆಫ್ರಿ ಆಗುವವರು ಆಟದ ಹೊರಗೆ ನಿಂತವರೇ ಆಗಿರಲಿ, ಮೊಮ್ಮಕ್ಕಳಾದರೂ ಸರಿ. ಆಡುತ್ತಾ ಆಡುತ್ತಾ ಇನ್ನೊಬ್ಬರ ಪಾದ ನೆಲ ಬಿಟ್ಟಿತೋ ಇಲ್ಲವೋ ಅಂತ ನೋಡೋಕೆ ಯಾರಿಂದಲೂ ಆಗೋದಿಲ್ಲ.