ಯೋಗದ ಚಾಪೆ ಮೇಲೆ ಜ್ವಾಲಾಮುಖಿ

ಮಡಿಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜ್ವಾಲಾಮುಖಿ ಅಂದರೆ ಮಕ್ಕಳು ಬರೆಯುವ ಚಿತ್ರ ಒಂದೇ: ಗುಡ್ಡ, ತೂತು, ಬೆಂಕಿ. ಅಷ್ಟೊಂದು ಲಾವಾ ಮೇಲೆ ಬಂದು ಕೂತರೆ ಕೆಳಗಿನ ನೆಲಕ್ಕೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ತೋರಿಸಲು ಹೋಗಿ ಮೊದಲ ಸಲ ನಾನೇ ನಗೆಪಾಟಲಾದೆ.

ಕಾಫಿ ಒಣಗಿಸುವ ಟಾರ್ಪಾಲಿನ ತುಂಡೊಂದನ್ನು ಟಬ್ಬಿನ ನೀರಿನ ಮೇಲೆ ಹಾಸಿ, ನಡುವೆ ಜಲ್ಲಿ ಸುರಿದೆ. ಎಲ್ಲ ಬುಳುಕ್ಕನೆ ತಳ ಸೇರಿತು. "ಮಿಸ್, ಭೂಮಿ ಮುಳುಗೋಯ್ತು!" ಎಂದ ಹಿಂದಿನ ಬೆಂಚಿನವನು. ತಪ್ಪು ನನ್ನದೇ. ಶಿಲಾಗೋಳ ಅಂದರೆ ಭೂಮಿಯ ಹೊರಗಿನ, ಸುಮಾರು 100 ಕಿ.ಮೀ. ದಪ್ಪದ ಗಟ್ಟಿ ಪದರ. ಬಾಗುತ್ತದೆ ನಿಜ, ಆದರೆ ಟಾರ್ಪಾಲಿನಂತೆ ಜೋತುಬೀಳುವುದಿಲ್ಲ.

ಮರುದಿನ ಮನೆಯ ಹಳೇ ಯೋಗದ ಚಾಪೆ ಕತ್ತರಿಸಿ ತಂದೆ. ಅದು ತೇಲಿತು. ನಡುವೆ ಕಲ್ಲು ಪೇರಿಸಿದರೆ ಕಲ್ಲಿನ ಅಡಿಯಷ್ಟೇ ಅಲ್ಲ, ಸುತ್ತ ಒಂದು ಗೇಣು ಜಾಗವೂ ತಗ್ಗಾಯಿತು. ಲೋಟದಲ್ಲಿ ನೀರು ಹೊಯ್ದೆ. ಕಲ್ಲಿನ ಗುಡ್ಡೆಯ ಸುತ್ತ ಬಳೆಯ ಹಾಗೆ ನಿಂತಿತು. ಹವಾಯಿಯಲ್ಲಿ ಆಗಿರುವುದೂ ಇದೇ. ಜ್ವಾಲಾಮುಖಿಯಿಂದಾದ ದ್ವೀಪಗಳ ಭಾರಕ್ಕೆ ಪೆಸಿಫಿಕ್ ಫಲಕ (ಸಮುದ್ರದಡಿಯ ಶಿಲಾಗೋಳದ ದೊಡ್ಡ ತುಂಡು) ಬಾಗಿ, ಸುತ್ತ ಸಮುದ್ರದ ತಳದಲ್ಲಿ ಕಂದಕ ಬಿದ್ದಿದೆ. ಅದರಾಚೆ ತಳ ಸ್ವಲ್ಪ ಉಬ್ಬಿದೆ. ಆ ಉಬ್ಬು ನನ್ನ ಚಾಪೆಯಲ್ಲಿ ಕಾಣಲಿಲ್ಲ, ಬೋರ್ಡಿನ ಮೇಲೆ ಬರೆದು ತೋರಿಸಿದೆ. ಚಾಪೆಯನ್ನು ಎರಡು ಪದರ ಮಾಡಿದಾಗ ತಗ್ಗು ಕಮ್ಮಿಯಾಯಿತು, ಅಗಲ ಜಾಸ್ತಿಯಾಯಿತು. ಹಳೆಯ, ತಣ್ಣಗಿನ, ದಪ್ಪ ಫಲಕ ಹಾಗೇ ಅಲ್ವಾ?

ಬಿಸಿಯ ಕಥೆಗೆ ಜೇನುಮೇಣದ ಬಿಲ್ಲೆ ಸಾಕಾಯಿತು. ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಿಲ್ಲೆಯನ್ನು ಒತ್ತಿದರೆ ಬಾಗಿತು, ತಣ್ಣಗಿನದು ಪಟ್ಟನೆ ಮುರಿಯಿತು. ಆಳದಿಂದ ಬಿಸಿ ಏರಿದ ಕಡೆ ಶಿಲಾಗೋಳವೂ ಮೆತ್ತಗಾಗಿ ತೆಳ್ಳಗಾಗುತ್ತದೆ.

ಆಮೇಲೆ ಡೆಕ್ಕನ್ ಲಾವಾ, ಅಂದರೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಹರಿದು ಗಟ್ಟಿಯಾದ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದಿನದು. ಸವೆದು ಉಳಿದದ್ದೇ ಹತ್ತಿರ ಹತ್ತಿರ 5 ಲಕ್ಷ ಚದರ ಕಿ.ಮೀ. ಬೆಳಗಾವಿ, ವಿಜಯಪುರದ ಕಪ್ಪು ಕಲ್ಲು ಅದರ ದಕ್ಷಿಣದ ಅಂಚು. ಒಂದು ಘನ ಮೀಟರ್ ಕಲ್ಲು ಸುಮಾರು 3 ಟನ್ ಎಂದಾಗ ಮಕ್ಕಳು ಚಾಪೆಯನ್ನು ಮತ್ತೊಮ್ಮೆ ನೋಡಿದರು.

"2018ರಲ್ಲಿ ನಮ್ಮ ಬೆಟ್ಟ ಕುಸಿದದ್ದೂ ಇದರಿಂದಲೇನಾ ಮಿಸ್?" ಎಂದಳು ಒಬ್ಬಳು. ಅಲ್ಲ ಎಂದೆ. ಕೊಡಗಿನ ಕಲ್ಲು 300 ಕೋಟಿ ವರ್ಷಕ್ಕೂ ಹಳೆಯದು, ಡೆಕ್ಕನ್ ಲಾವಾ ಇಲ್ಲಿಗೆ ಬಂದಿಲ್ಲ. ಅವತ್ತು ಜಾರಿದ್ದು ಮಳೆ ಕುಡಿದು ಭಾರವಾದ ಇಳಿಜಾರಿನ ಮಣ್ಣು.

ಚಾಪೆ ಈಗ ಸ್ಟಾಫ್ ರೂಮಿನಲ್ಲಿದೆ. ನಡುವೆ ಕಲ್ಲಿನ ಗುರುತು ಹಾಗೇ ಕೂತಿದೆ.