ಬಂಡೆ ಮೇಲಿಂದ ಗಾಳ ಹಾಕುವ ಮುಂಚೆ ಕಡಲು ನೋಡಿ

ಕಾಪು, ಮುರ್ಡೇಶ್ವರ, ಗೋಕರ್ಣ... ಕಡಲೊಳಗೆ ಚಾಚಿದ ಬಂಡೆಗಳಿಗೆ ನಮ್ಮ ಕರಾವಳಿಯಲ್ಲಿ ಕೊರತೆ ಇಲ್ಲ. ಬಂಡೆ ಬುಡದ ಸಂದುಗಳಲ್ಲಿ ಏಡಿ, ಸಿಗಡಿ, ಸಣ್ಣ ಮೀನು ಅಡಗಿರುತ್ತವೆ, ಅವನ್ನು ಹುಡುಕಿಕೊಂಡು ಕೆಂಬೇರಿ, ಮುರು ಮೀನು ಬರುತ್ತವೆ. ದೋಣಿ ಬೇಡ, ಗಾಳ ಸಾಕು.

ಮೊದಲು ದಿನ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂಡೆ ಹತ್ತಿರ ಹೋಗಲೇಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ಇನ್ನೊಂದು ಅಪಾಯ ಇದೆ, ಕೇರಳದವರು ಅದನ್ನು ಕಳ್ಳಕ್ಕಡಲ್ ಅಂತಾರೆ: ಇಲ್ಲಿ ಗಾಳಿಯೇ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಆದರೆ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಎದ್ದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಬಂದು ನಮ್ಮ ದಡಕ್ಕೆ ಬಡಿಯುತ್ತದೆ. ಕಡಲಿನ ಸ್ಥಿತಿ ತಿಳಿಸುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ (INCOIS) ಇದರ ಎಚ್ಚರಿಕೆ ಕೊಡುತ್ತದೆ. ಮನೆ ಬಿಡುವ ಮುಂಚೆ ನೋಡಿಕೊಳ್ಳಿ.

ಉಬ್ಬರದ ಹೊತ್ತೂ ಗೊತ್ತಿರಲಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮರುದಿನ ಸುಮಾರು 50 ನಿಮಿಷ ತಡ. ನೀರು ಏರುವಾಗ ಮೀನು ಬಂಡೆಗೆ ಹತ್ತಿರ ಬರುತ್ತದೆ, ಆದರೆ ನೀವು ನಡೆದುಬಂದ ದಾರಿ ಮುಳುಗುವುದೂ ಆಗಲೇ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಇನ್ನೂ ಜಾಸ್ತಿ ಏರುತ್ತದೆ.

ಬಂಡೆ ಮುಟ್ಟಿದ ಕೂಡಲೇ ಗಾಳ ಬಿಚ್ಚಬೇಡಿ. ಎತ್ತರದಲ್ಲಿ ನಿಂತು 20 ನಿಮಿಷ ಅಲೆ ನೋಡಿ, ಯಾಕೆಂದರೆ ಹತ್ತು ಸಣ್ಣ ಅಲೆ ಆದ ಮೇಲೆ ಮೂರು ನಾಲ್ಕು ದೊಡ್ಡವು ಒಟ್ಟಿಗೆ ಬರುವುದುಂಟು. ಬಂಡೆ ಒದ್ದೆ ಇದ್ದರೆ, ಪಾಚಿ ಕಟ್ಟಿದ್ದರೆ, ಅಲ್ಲಿಗೆ ನೀರು ಬರುತ್ತದೆ ಅಂತಲೇ ಅರ್ಥ. ಒಣಗಿದ ಜಾಗದಲ್ಲೇ ನಿಲ್ಲಿ. ಕಡಲಿಗೆ ಬೆನ್ನು ಹಾಕಬೇಡಿ. ಲೈಫ್ ಜಾಕೆಟ್ ಇರಲಿ, ಒಬ್ಬರೇ ಹೋಗಬೇಡಿ.

ಈಗ ಗಾಳ. ಬಂಡೆ ಸಂದಿಗೆ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಸೀಸದ ಗುಂಡು. ಅದಕ್ಕೇ ಗುಂಡನ್ನು ಮುಖ್ಯ ದಾರಕ್ಕಿಂತ ತೆಳ್ಳಗಿನ ದಾರದಲ್ಲಿ ಬೇರೆಯಾಗಿ ಕಟ್ಟಿ. ಸಿಕ್ಕಿಬಿದ್ದು ಎಳೆದಾಗ ಆ ತುಂಡು ಮಾತ್ರ ಹರಿಯುತ್ತದೆ, ಕೊಕ್ಕೆಯೂ ಮೀನೂ ಉಳಿಯುತ್ತವೆ. ಸಿಗಡಿ ಅಥವಾ ಬಂಗುಡೆ ತುಂಡು ಸಿಕ್ಕಿಸಿ. ಮುರು ಕಚ್ಚಿದರೆ ಸಡಿಲ ಬಿಡಬೇಡಿ, ಕಚ್ಚಿದ ತಕ್ಷಣ ಅದು ಪೊಟರೆಗೆ ನುಗ್ಗುತ್ತದೆ, ಆಮೇಲೆ ಎಷ್ಟು ಎಳೆದರೂ ಬರುವುದಿಲ್ಲ. ಮೀನು ಎತ್ತಲು ಉದ್ದ ಹಿಡಿಯ ಬಲೆ ಬೇಕು. ಅದಿಲ್ಲ ಅಂತ ನೀರಿನಂಚಿಗೆ ಇಳಿಯುವುದು ಬೇಡ, ಮೀನು ಹೋದರೆ ಹೋಗಲಿ.

ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿರಿ, ಅದನ್ನು ಎಸೆಯಿರಿ. ಬಿದ್ದವರು ಅಲೆ ಬಡಿಯುವ ಕಡೆ ಬಂಡೆ ಹತ್ತಲು ನೋಡದೆ, ಬಂಡೆಯಿಂದ ದೂರ ಸರಿದು ತೇಲುತ್ತಾ ಇರಬೇಕು. 112ಕ್ಕೆ ಅಥವಾ ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಿ.

ಹೊರಡುವಾಗ ತುಂಡು ದಾರ ಎಲ್ಲವನ್ನೂ ಆರಿಸಿ ಜೇಬಿಗೆ ಹಾಕಿಕೊಳ್ಳಿ, ಕಡಲಾಮೆ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ. ಮನೆಗೆ ಬಂದು ರೀಲನ್ನು ಸಿಹಿನೀರಲ್ಲಿ ತೊಳೆದಿಡಿ.